ಮನಸ್ಸಿನ ಮಾತ್ರೆ ಮತ್ತು ಕಣ್ಣು: ಎರಡೂ ಕಡೆ ಬಾಯಿಬಿಟ್ಟು ಹೇಳಲೇಬೇಕಾದ ವಿಷಯ

ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರು "ಕಣ್ಣು ಸರಿಯಾಗಿ ಕಾಣ್ತಿಲ್ಲ" ಎಂದರೆ ಮನೆಯಲ್ಲಿ ಬಹಳ ಸಲ ಯಾರೂ ನಂಬುವುದಿಲ್ಲ. ಮೊದಲು ಇಲ್ಲದ್ದೆಲ್ಲ ಕಾಣ್ತಿತ್ತು, ಈಗ ಇರೋದೂ ಕಾಣಲ್ಲ ಅಂತಾನೆ, ಎಲ್ಲಾ ಆ ಕಾಯಿಲೆಯದೇ ಅಂತ ಸುಮ್ಮನಾಗಿಬಿಡುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕಡೆ ಇಂಥ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ನನಗೆ ಸಂಕಟ ಆಗುವುದು ಇಲ್ಲೇ. ಆ ಮನುಷ್ಯ ಹೇಳುತ್ತಿರುವುದು ನಿಜ. ಅವನ ಕಣ್ಣಿಗೆ ನಿಜವಾಗಿಯೂ ಏನೋ ಆಗುತ್ತಿದೆ, ಅದಕ್ಕೆ ಬಹುಮಟ್ಟಿಗೆ ಕಾರಣ ಮಾತ್ರೆ, ಮತ್ತು ಹೆಚ್ಚಿನ ತೊಂದರೆಗಳಿಗೆ ಪರಿಹಾರವೂ ಇದೆ. ಆದರೆ ಹೇಳಿದರೆ ತಾನೇ ಪರಿಹಾರ ಸಿಗೋದು?

ನಾನಿಲ್ಲಿ ಹೇಳುತ್ತಿರುವುದು ಆಂಟಿಸೈಕೋಟಿಕ್ ಎಂಬ ಗುಂಪಿನ ಔಷಧಿಗಳ ಬಗ್ಗೆ. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪೈನ್, ಕ್ವೆಟಿಯಾಪೈನ್, ಕ್ಲೋಜಪೈನ್, ಹಳೆಯ ಕಾಲದ ಕ್ಲೋರ್‌ಪ್ರೊಮಜೈನ್, ಇವೆಲ್ಲ ಅದೇ ಗುಂಪು. ನಮ್ಮ ಮನೆಗಳಲ್ಲಿ ಇವಕ್ಕೆ ಈ ಹೆಸರೇ ಇರುವುದಿಲ್ಲ. "ತಲೆ ಮಾತ್ರೆ", "ನಿದ್ದೆ ಮಾತ್ರೆ", ಅಷ್ಟೇ. ಹೆಸರು ಗೊತ್ತಿಲ್ಲದ್ದಕ್ಕೆ ಅಡ್ಡ ಪರಿಣಾಮವೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಮಾತ್ರೆಯ ಹಾಳೆ ತಿರುಗಿಸಿ, ಹಿಂದೆ ಏನು ಬರೆದಿದೆ ಅಂತ ಒಮ್ಮೆ ಓದಿ ಇಟ್ಟುಕೊಳ್ಳಿ.

ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇದೆ. ಯಾರೂ ಇಲ್ಲದಿದ್ದರೂ ದನಿ ಕೇಳುವುದು, ಯಾರೋ ತನಗೆ ಕೇಡು ಮಾಡಲು ಹೊಂಚು ಹಾಕಿದ್ದಾರೆ ಅನ್ನಿಸುವುದು, ಇದಕ್ಕೂ ಡೋಪಮೈನ್ ಓಟ ಜಾಸ್ತಿಯಾಗುವುದಕ್ಕೂ ನಂಟಿದೆ. ಆ ಓಟವನ್ನು ತಗ್ಗಿಸುವುದು ಈ ಮಾತ್ರೆಗಳ ಮುಖ್ಯ ಕೆಲಸ. ಆದರೆ ಡೋಪಮೈನ್ ಇರುವುದು ಅದೊಂದಕ್ಕೇ ಅಲ್ಲ. ಕೈಕಾಲು, ಕತ್ತು, ಕಣ್ಣುಗುಡ್ಡೆ ನಾವು ಹೇಳಿದಂತೆ ಆಡಬೇಕಾದರೂ ಅದು ಬೇಕು. ಇನ್ನು ಈ ಗುಂಪಿನ ಕೆಲವು ಮಾತ್ರೆಗಳು ಅಸಿಟೈಲ್‌ಕೋಲಿನ್ ಎಂಬ ಮತ್ತೊಂದು ರಾಸಾಯನಿಕವನ್ನೂ ತಡೆಯುತ್ತವೆ. ಕಣ್ಣಿನ ಪಾಪೆ ಕಿರಿದಾಗಲು, ಹತ್ತಿರದ್ದು ನೋಡುವಾಗ ಒಳಗಿನ ಲೆನ್ಸ್ ಉಬ್ಬಲು, ಕಣ್ಣಿನಲ್ಲಿ ನೀರಿನ ಪಸೆ ಇರಲು, ಮೂರಕ್ಕೂ ಇದು ಬೇಕು. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಕತೆ ತಾನಾಗಿಯೇ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಹೆದರಿಸುವುದು ಕಣ್ಣು ಮೇಲಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳುವುದು. ಡಾಕ್ಟರ್‌ಗಳು ಇದನ್ನು ಆಕ್ಯುಲೋಜೈರಿಕ್ ಕ್ರೈಸಿಸ್ ಎನ್ನುತ್ತಾರೆ.

ಚಳ್ಳಕೆರೆ ಕಡೆಯ ನಮ್ಮ ಸಂಬಂಧಿಕರ ಹುಡುಗನಿಗೆ ಹೀಗಾಗಿತ್ತು. ಕಾಲೇಜು ಓದುವ ವಯಸ್ಸು. ಮಾತ್ರೆ ಶುರುವಾಗಿ ಎರಡು ಮೂರು ದಿನ ಆಗಿತ್ತಷ್ಟೇ. ಸಂಜೆ ಜಗಲಿ ಮೇಲೆ ಕೂತವನು ಇದ್ದಕ್ಕಿದ್ದಂತೆ ಕತ್ತು ಹಿಂದಕ್ಕೆ ಎಳೆದುಕೊಂಡ, ಕಣ್ಣುಗುಡ್ಡೆ ಮೇಲೆ ಹೋಯಿತು, ಬರೀ ಬಿಳಿ ಕಾಣುತ್ತಿತ್ತು. ಒಬ್ಬರು ಓಡಿಬಂದು ಕೈಗೆ ಬೀಗದ ಕೈ ಇಟ್ಟರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಬೀದಿಯಲ್ಲಿ ನಿಂತವರು ಗಾಳಿ ಸೋಕಿದೆ, ಮೊದಲು ಅಂತ್ರ ಕಟ್ಟಿಸಿ ಅಂದರು. ಅಷ್ಟೂ ಹೊತ್ತು ಆ ಹುಡುಗನಿಗೆ ಪೂರ್ತಿ ಎಚ್ಚರ ಇತ್ತು. "ಅಮ್ಮಾ, ಕೆಳಗ್ ನೋಡಾಕ್ ಆಗ್ತಿಲ್ಲ" ಅಂತ ತೊದಲುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ "ಯಾವ ಮಾತ್ರೆ ಕೊಡ್ತಿದೀರಿ?" ಎಂದು. ತಾಯಿ ಸೆರಗಿನ ಗಂಟು ಬಿಚ್ಚಿ ಮಾತ್ರೆ ಹಾಳೆ ಕೊಟ್ಟರು. ಹ್ಯಾಲೋಪೆರಿಡಾಲ್. ಒಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯೊಳಗೆ ಕಣ್ಣು ಕೆಳಗೆ ಬಂತು, ಕತ್ತು ಸಡಿಲವಾಯಿತು, ಹುಡುಗ ಚಹಾ ಕೇಳಿದ.

ಇದು ದೆವ್ವವೂ ಅಲ್ಲ, ಫಿಟ್ಸೂ ಅಲ್ಲ. ಇಡೀ ಮೈ ಅದುರುವ ಫಿಟ್ಸ್ ಬಂದಾಗ ಎಚ್ಚರ ತಪ್ಪುತ್ತದೆ, ಆಮೇಲೆ ಏನಾಯಿತು ಅಂತ ನೆನಪೂ ಇರುವುದಿಲ್ಲ. ಇಲ್ಲಿ ಎಚ್ಚರ ಇರುತ್ತದೆ, ನಾವು ಆಡಿದ ಪ್ರತಿ ಮಾತೂ ಅವರಿಗೆ ಕೇಳುತ್ತಿರುತ್ತದೆ. ಡೋಪಮೈನ್ ಒಮ್ಮೆಲೇ ತಗ್ಗಿದಾಗ ಅಸಿಟೈಲ್‌ಕೋಲಿನ್ ಕೈ ಮೇಲಾಗುತ್ತದೆ, ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಬಹುಪಾಲು ಜನಕ್ಕೆ ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಮೊದಲ 5 ದಿನಗಳಲ್ಲೇ ಹೀಗಾಗುತ್ತದೆ. ಹರೆಯದ ಹುಡುಗರಿಗೆ ಜಾಸ್ತಿ. ಹ್ಯಾಲೋಪೆರಿಡಾಲ್, ಫ್ಲೂಫೆನಜೈನ್‌ನಂಥ ಹಳೆಯ, ಬಲವಾದ ಔಷಧಿಗಳಲ್ಲಿ ಜಾಸ್ತಿ, ಆದರೆ ರಿಸ್ಪೆರಿಡೋನ್‌ನಂಥ ಹೊಸವುಗಳಲ್ಲೂ ಬರಬಹುದು. ಕೆಲವು ನಿಮಿಷ ಇದ್ದು ಹೋಗಬಹುದು, ಗಂಟೆಗಟ್ಟಲೆ ಇರಬಹುದು. ಪ್ರೊಮೆಥಜೈನ್ ಥರದ ಇಂಜೆಕ್ಷನ್ ಕೊಟ್ಟರೆ ಇಳಿಯುತ್ತದೆ. ಆದರೆ ಮಾತ್ರೆ ಇನ್ನೂ ಮೈಯಲ್ಲಿ ಇರುವುದರಿಂದ ಮತ್ತೆ ಬರದಂತೆ ಕೆಲವು ದಿನ ಇನ್ನೊಂದು ಮಾತ್ರೆಯನ್ನೂ ಬರೆದು ಕೊಡುತ್ತಾರೆ, ಅದನ್ನು ತಪ್ಪಿಸಬಾರದು. ನಾಲಿಗೆ ಹೊರಗೆ ಚಾಚಿಕೊಂಡರೆ, ಗಂಟಲು ಬಿಗಿದು ಉಸಿರಿಗೆ ಕಷ್ಟವಾದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನಸ್ಸಿನ ಕಾಯಿಲೆಯೇ ಇಲ್ಲದವರಿಗೂ ಹೀಗಾಗಬಹುದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜೈನ್, ಎರಡೂ ಡೋಪಮೈನ್ ತಡೆಯುವವೇ. ವಾಂತಿಗೆ ಅಂತ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಹುಡುಗಿಯ ಕಣ್ಣು ಮೇಲೆ ಹೋದರೆ "ಮೈಮೇಲೆ ಬಂದಿದೆ" ಅಂತ ಗುಡಿಗೆ ಕರೆದುಕೊಂಡು ಹೋಗುವವರಿದ್ದಾರೆ. ಹರಕೆ ಆಮೇಲೆ ತೀರಿಸಿ, ಮೊದಲು ಆಸ್ಪತ್ರೆ.

ಈಗ ಬರುವುದು ದಿನದಿನದ ತೊಂದರೆ. ಕಣ್ಣು ಮಂಜಾಗುವುದು.

ಕಣ್ಣು ಸಿಕ್ಕಿಹಾಕಿಕೊಳ್ಳದಿರಲಿ, ಕೈ ನಡುಗದಿರಲಿ, ಮೈ ಮರಗಟ್ಟದಿರಲಿ ಅಂತ ಡಾಕ್ಟರ್ ಜೊತೆಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಬರೆಯುತ್ತಾರೆ. ನಮ್ಮ ಕಡೆ ಪೆಸಿಟೇನ್ ಅಂದರೆ ಬಹಳ ಜನಕ್ಕೆ ಗೊತ್ತು. ಎಷ್ಟೋ ಸಲ ಅದು ಬೇರೆ ಮಾತ್ರೆಯಾಗಿಯೂ ಇರುವುದಿಲ್ಲ, ರಿಸ್ಪೆರಿಡೋನ್ ಜೊತೆ ಒಂದೇ ಗುಳಿಗೆಯಲ್ಲಿ ಸೇರಿರುತ್ತದೆ. ಇದು ಕೆಲಸ ಮಾಡುವುದೇ ಅಸಿಟೈಲ್‌ಕೋಲಿನ್ ತಡೆದು. ಕಣ್ಣುಗುಡ್ಡೆ ಬಿಗಿಯುವುದು ನಿಲ್ಲುತ್ತದೆ ನಿಜ, ಆದರೆ ಅದೇ ಕಾರಣಕ್ಕೆ ಹತ್ತಿರದ್ದು ನೋಡುವ ಶಕ್ತಿ ಕುಂದುತ್ತದೆ, ಪಾಪೆ ಅಗಲವಾಗಿ ಬಿಸಿಲು ಚುಚ್ಚುತ್ತದೆ, ಕಣ್ಣು ಒಣಗುತ್ತದೆ. ಒಂದು ತೊಂದರೆಗೆ ಕೊಟ್ಟ ಮದ್ದು ಇನ್ನೊಂದನ್ನು ತಂದಿತು. ಓಲಾಂಜಪೈನ್, ಕ್ಲೋಜಪೈನ್, ಕ್ಲೋರ್‌ಪ್ರೊಮಜೈನ್ ತಾವೇ ಅಸಿಟೈಲ್‌ಕೋಲಿನ್ ತಡೆಯುತ್ತವೆ, ಹಾಗಾಗಿ ಅವುಗಳ ಜೊತೆ ಇದೂ ಸೇರಿದರೆ ಮಂಜು ಇನ್ನೂ ಜಾಸ್ತಿ.

ನೋಡಿ, ದೂರದ ಬಸ್ಸಿನ ಬೋರ್ಡು ಚೆನ್ನಾಗಿಯೇ ಕಾಣುತ್ತದೆ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ, ಮೊಬೈಲ್ ಅಕ್ಷರ ಕದಡಿದಂತಿರುತ್ತದೆ. ನಲವತ್ತಕ್ಕೆ ಬರಬೇಕಾದ ಚಾಳೀಸು ಇಪ್ಪತ್ತೆರಡಕ್ಕೇ ಬಂದಹಾಗೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಇದು ಎಂಥ ಹಿಂಸೆ ಅಂತ ಯೋಚನೆ ಮಾಡಿ, ಪುಸ್ತಕ ಹಿಡಿದರೆ ಸಾಲೇ ನಿಲ್ಲುವುದಿಲ್ಲ, ಮನೆಯವರು "ಓದೋ ಮನಸ್ಸಿಲ್ಲ ಇವನಿಗೆ" ಅಂತಾರೆ. ಮೊಳಕಾಲ್ಮೂರು ಕಡೆ ಸೀರೆ ನೇಯುವವರಿಗೆ ಎಳೆ ಕಾಣದಿದ್ದರೆ ಆ ದಿನದ ಕೂಲಿಯೇ ಹೋಯಿತು. ಇದನ್ನು "ಸಣ್ಣ ಅಡ್ಡ ಪರಿಣಾಮ" ಅಂತ ಬರೆಯುವುದು ನನಗೆ ಒಪ್ಪಿಗೆ ಇಲ್ಲ. ಎಷ್ಟೋ ಜನ ಮಾತ್ರೆ ಬಿಟ್ಟುಬಿಡುವುದು ಇಂಥ "ಸಣ್ಣ" ತೊಂದರೆಗೇ.

ಇಲ್ಲಿ ಜನ ಮಾಡುವ ತಪ್ಪು ಒಂದೇ, ಓಡಿಹೋಗಿ ಕನ್ನಡಕ ಮಾಡಿಸುವುದು. ಮಾತ್ರೆಯ ಡೋಸ್ ಇನ್ನೂ ಏರಿಳಿಯುತ್ತಿರುವಾಗ ಮಾಡಿಸಿದ ಕನ್ನಡಕ ಮುಂದಿನ ತಿಂಗಳಿಗೆ ಹೊಂದದೇ ಹೋಗಬಹುದು. ಕೆಲವರಿಗೆ ಒಂದೆರಡು ವಾರದಲ್ಲಿ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದಿದ್ದರೆ ಮನಸ್ಸಿನ ಡಾಕ್ಟರ್‌ಗೆ ಹೇಳಿ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ಟ್ರೈಹೆಕ್ಸಿಫೆನಿಡಿಲ್ ಈಗಲೂ ಬೇಕಾ ಅಂತ ನೋಡಬಹುದು. ಮೊದಲ ತಿಂಗಳಲ್ಲಿ ಬರೆದದ್ದನ್ನು ವರ್ಷಗಟ್ಟಲೆ ಹಾಗೇ ತಗೊಳ್ಳುತ್ತಾ ಇರುವವರು ಬೇಕಾದಷ್ಟು ಜನ ಇದ್ದಾರೆ. "ಇದು ಇನ್ನೂ ಬೇಕಾ ಸಾರ್?" ಅಂತ ಕೇಳಿದರೆ ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳಬಾರದು.

ಕಣ್ಣು ಒಣಗಿ ಉರಿದರೆ ಕಣ್ಣೀರಿನ ಹಾಗೇ ಇರುವ ಹನಿ ಔಷಧಿ ಸಿಗುತ್ತದೆ, ಅದು ಸಾಕು. ಆದರೆ ಅಂಗಡಿಯಲ್ಲಿ "ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ" ಅಂತ ಕೇಳಿ ತರಬೇಡಿ. ಕೈಗೆ ಸ್ಟೀರಾಯ್ಡ್ ಹನಿ ಬಂದರೆ, ಬಹಳ ದಿನ ಹಾಕಿದರೆ, ಕಣ್ಣಿನ ಒತ್ತಡ ಏರುತ್ತದೆ, ಪೊರೆಯೂ ಬರುತ್ತದೆ.

ಒತ್ತಡದ ಮಾತು ಬಂತಲ್ಲ, ಇದೊಂದನ್ನು ಗಮನ ಇಟ್ಟು ಓದಿ. ಕಣ್ಣಿನೊಳಗೆ ನೀರು ಸದಾ ಹುಟ್ಟುತ್ತಾ, ಅಂಚಿನ ಒಂದು ಸಣ್ಣ ಸಂದಿಯಿಂದ ಹೊರಗೆ ಹೋಗುತ್ತಾ ಇರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಸಂದಿ ಕಿರಿದು. ಮಾತ್ರೆಯಿಂದ ಪಾಪೆ ಅಗಲವಾದಾಗ ಸುತ್ತಲಿನ ಪರದೆ ಮಡಚಿಕೊಂಡು ಆ ಸಂದಿಯನ್ನೇ ಮುಚ್ಚಿಬಿಡಬಹುದು. ಕಾಲುವೆಗೆ ಕಸ ಕಟ್ಟಿದಂತೆ ನೀರು ಒಳಗೇ ನಿಲ್ಲುತ್ತದೆ, ಒತ್ತಡ ಗಂಟೆಗಳಲ್ಲಿ ಏರುತ್ತದೆ. ಇದು ಗ್ಲಾಕೋಮಾದ ಒಂದು ಬಗೆ. ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ, ದಪ್ಪ ಪ್ಲಸ್ ಪವರಿನ ಕನ್ನಡಕ ಹಾಕುವವರಿಗೆ ಅಪಾಯ ಹೆಚ್ಚು. ಕಣ್ಣು ಕೆಂಪಾಗಿ ಸಿಡಿಯುವಂಥ ನೋವು, ಅದೇ ಕಡೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು. ವಾಂತಿ ಆಗುತ್ತದಲ್ಲ, ಮನೆಯವರು ಪಿತ್ತ ಕೆದರಿದೆ, ಅರೆತಲೆನೋವು ಅಂತ ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ದೃಷ್ಟಿ ಹೋಗಿರಬಹುದು, ಹೋದದ್ದು ಮತ್ತೆ ಬರದೇ ಇರಬಹುದು. ಇಂಥ ಲಕ್ಷಣ ಕಂಡರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ. ಸಣ್ಣ ಊರಾದರೆ ದಾವಣಗೆರೆಗೋ ಚಿತ್ರದುರ್ಗಕ್ಕೋ ಬನ್ನಿ, ಎರಡೂ ಕಡೆ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಇದೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಮಾತ್ರೆ ಶುರು ಮಾಡುವ ಮುಂಚೆಯೇ ಡಾಕ್ಟರ್‌ಗೆ ತಿಳಿಸಿ.

ನಿಧಾನವಾಗಿ, ವರ್ಷಗಳ ಮೇಲೆ ಬರುವವು ಬೇರೆ. ಕ್ಲೋರ್‌ಪ್ರೊಮಜೈನ್ ಈ ಗುಂಪಿನ ಮೊದಲ ಔಷಧಿ, 1952ರಲ್ಲಿ ಪ್ಯಾರಿಸ್‌ನಲ್ಲಿ ಮನೋರೋಗಿಗಳಿಗೆ ಕೊಡಲು ಶುರುಮಾಡಿದರು. ದೊಡ್ಡ ಡೋಸಿನಲ್ಲಿ ವರ್ಷಗಟ್ಟಲೆ ತಗೊಂಡವರ ಲೆನ್ಸಿನ ಮುಂಭಾಗದಲ್ಲಿ, ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಎದುರಿನ ಗಾಜಿನಂಥ ಪದರದಲ್ಲಿ, ಕಂದು ಬಣ್ಣದ ಸಣ್ಣ ಸಣ್ಣ ಕಣಗಳು ಕೂಡುತ್ತವೆ. ಇದಕ್ಕೂ ಬಿಸಿಲಿಗೂ ಸಂಬಂಧ ಇದೆ, ರೆಪ್ಪೆ ತೆರೆದಿರುವ ಜಾಗದಲ್ಲೇ ಅವು ಹೆಚ್ಚು ಕಾಣುತ್ತವೆ. ಸಮಾಧಾನದ ಸಂಗತಿ ಎಂದರೆ ಸಾಮಾನ್ಯವಾಗಿ ಇದರಿಂದ ದೃಷ್ಟಿ ಅಷ್ಟೇನೂ ಕೆಡುವುದಿಲ್ಲ. ಆದರೂ ಈ ಮಾತ್ರೆ ಚರ್ಮವನ್ನೂ ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ, ಶೇಂಗಾ ಹೊಲದಲ್ಲಿ ದಿನವಿಡೀ ಕೆಲಸ ಮಾಡುವವರು ಟೋಪಿ ಅಥವಾ ಟವೆಲ್, ಸಾಧ್ಯವಾದರೆ ಒಂದು ಕೂಲಿಂಗ್ ಗ್ಲಾಸ್ ಬಳಸಲೇಬೇಕು. ಥಯೋರಿಡಜೈನ್ ಎಂಬ ಇನ್ನೊಂದು ಹಳೆಯದು ನಿಜಕ್ಕೂ ಅಪಾಯದ್ದಾಗಿತ್ತು. ದಿನಕ್ಕೆ 800 ಮಿಲಿಗ್ರಾಂ ದಾಟಿದರೆ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾವೇ ಹಾಳಾಗುತ್ತಿತ್ತು. ರಾತ್ರಿ ಕಣ್ಣು ಕಾಣದು, ಎಲ್ಲವೂ ಕಂದು ಬಣ್ಣಕ್ಕೆ ತಿರುಗಿದಂತೆ. ಈಗ ಅದನ್ನು ಬರೆಯುವವರು ಬಹಳ ಕಡಿಮೆ.

ಕ್ವೆಟಿಯಾಪೈನ್ ಬಗ್ಗೆ ಮೊಬೈಲಿನಲ್ಲಿ ಹುಡುಕಿದವರಿಗೆ "ಪೊರೆ ಬರುತ್ತದೆ" ಅಂತ ಸಿಗುತ್ತದೆ, ಹೆದರಿಕೊಳ್ಳುತ್ತಾರೆ. ಆ ಮಾತು ಹುಟ್ಟಿದ್ದು ಬೀಗಲ್ ನಾಯಿಗಳ ಮೇಲಿನ ಪ್ರಯೋಗದಿಂದ. ಆ ನಾಯಿಗಳಿಗೆ ಪೊರೆ ಬಂದದ್ದಕ್ಕೆ ಅಮೆರಿಕದಲ್ಲಿ ಶುರುವಿನಲ್ಲಿ ಒಮ್ಮೆ, ಆಮೇಲೆ 6 ತಿಂಗಳಿಗೊಮ್ಮೆ ಕಣ್ಣು ನೋಡಿಸಿ ಎಂಬ ಸಲಹೆ ಔಷಧಿಯ ಚೀಟಿಗೆ ಸೇರಿತು. ಮುಂದೆ ರಿಸ್ಪೆರಿಡೋನ್ ಜೊತೆ ಹೋಲಿಸಿ ಮನುಷ್ಯರಲ್ಲಿ ನೋಡಿದಾಗ ಪೊರೆಯ ಅಪಾಯ ಅದಕ್ಕಿಂತ ಹೆಚ್ಚಿರಲಿಲ್ಲ. ನನ್ನ ಪ್ರಕಾರ ಇದಕ್ಕೆ ಹೆದರಿ ನಿದ್ದೆಗೆಡುವುದು ಬೇಡ, ವರ್ಷಕ್ಕೊಮ್ಮೆ ಕಣ್ಣು ತೋರಿಸುವುದನ್ನು ಬಿಡುವುದೂ ಬೇಡ.

ನಿಜವಾಗಿ ಹೆದರಬೇಕಾದ್ದು ಶುಗರಿಗೆ. ಓಲಾಂಜಪೈನ್, ಕ್ಲೋಜಪೈನ್ ತಗೊಳ್ಳುವವರಿಗೆ ಹಸಿವು ಏರಿ ತೂಕ ಜಾಸ್ತಿಯಾಗುತ್ತದೆ, ಸಕ್ಕರೆ ಕಾಯಿಲೆ ಬರುವ ಸಂಭವವೂ ಏರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣಿನ ಲೆನ್ಸ್ ಊದಿ ಕನ್ನಡಕದ ಪವರ್ ವಾರದಿಂದ ವಾರಕ್ಕೆ ಬದಲಾಗಬಹುದು. ಹಿಡಿತಕ್ಕೆ ತರದೆ ವರ್ಷಗಳು ಕಳೆದರೆ ರೆಟಿನಾಗೆ ಪೆಟ್ಟು ಬೀಳುತ್ತದೆ, ಅದೂ ನೋವಿಲ್ಲದೆ. ಹಾಗಾಗಿ ಈ ಮಾತ್ರೆಯಲ್ಲಿರುವವರು ಶುಗರ್ ಪರೀಕ್ಷೆ ತಪ್ಪಿಸಬಾರದು. ಬೆಣ್ಣೆದೋಸೆ ಬಿಡಿ ಅನ್ನಲ್ಲ, ಆದರೆ ದಿನಾ ಸಂಜೆ ಮಂಡಕ್ಕಿ ಮಿರ್ಚಿ, ಮೇಲೆ ಸಿಹಿ ಚಹಾ ಅಂತಾದರೆ ಕಷ್ಟ.

ವರ್ಷಗಟ್ಟಲೆ ಮಾತ್ರೆ ತಗೊಂಡವರಲ್ಲಿ ಕೆಲವರಿಗೆ ರೆಪ್ಪೆ ಪಿಳಿಪಿಳಿ ಬಡಿಯುವುದು, ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವುದು ಶುರುವಾಗುತ್ತದೆ, ಜೊತೆಗೆ ಬಾಯಿ ಚಪ್ಪರಿಸುವುದೂ ಇರಬಹುದು. ಇದನ್ನು ಬೇಗ ಗುರುತಿಸಿದಷ್ಟೂ ಒಳ್ಳೆಯದು. ಮುಂದಿನ ಭೇಟಿಗೆ ಮೊದಲು ಮೊಬೈಲಿನಲ್ಲಿ ಒಂದು ಸಣ್ಣ ವಿಡಿಯೋ ಮಾಡಿಟ್ಟುಕೊಳ್ಳಿ, ಡಾಕ್ಟರ್ ಎದುರು ಕೂತಾಗ ಅದು ಕಾಣಿಸದೇ ಹೋಗುವುದು ಬಹಳ.

ಇಷ್ಟೆಲ್ಲ ಓದಿ ಮಾತ್ರೆ ಎಸೆದುಬಿಡೋಣ ಅನ್ನಿಸಿದರೆ ದಯವಿಟ್ಟು ಬೇಡ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ, ಕ್ಲೋಜಪೈನ್ ನಿಲ್ಲಿಸಿದರೆ ಬಹಳ ಜೋರಾಗಿಯೇ ಮರಳಬಹುದು. ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಆದರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಇರುತ್ತದೆ, ಕಣ್ಣಿನ ತೊಂದರೆ ಕೂಡಲೇ ಹೋಗುವುದೂ ಇಲ್ಲ. ಕೇಳುವ ಹಕ್ಕು ನಿಮಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ, ಕೊಡುವ ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡ ಪರಿಣಾಮ ಏನು ಎಂದು ತಿಳಿದುಕೊಳ್ಳುವುದು ರೋಗಿಯ ಹಕ್ಕು ಅಂತ ಇದೆ. ದೊಡ್ಡ ಆಸ್ಪತ್ರೆಗೆ ಬರಲಾಗದವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಅಂತ ರಾಜ್ಯದಲ್ಲಿ 2014ರಲ್ಲೇ ಶುರುವಾಯಿತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ಪೊರೆ ಆಪರೇಷನ್. ಜಗಳೂರು, ಹೊಸದುರ್ಗ, ಹಿರಿಯೂರು, ಯಾವ ಕಡೆ ಹೋದರೂ ಉಚಿತ ಕಣ್ಣಿನ ಶಿಬಿರ ನಡೆಯುತ್ತಿರುತ್ತವೆ, ಬಹಳ ಒಳ್ಳೆಯ ಕೆಲಸ. ಅಲ್ಲಿ "ಬೇರೆ ಏನಾದರೂ ಮಾತ್ರೆ ತಗೊಳ್ತೀರಾ?" ಅಂತ ಕೇಳಿದಾಗ ಅಜ್ಜಿ ಬಿಪಿ ಹೇಳುತ್ತಾರೆ, ಶುಗರ್ ಹೇಳುತ್ತಾರೆ, ಮನಸ್ಸಿನ ಮಾತ್ರೆ ಮಾತ್ರ ಹೇಳುವುದಿಲ್ಲ. ಪಕ್ಕದ ಬೆಂಚಿನಲ್ಲಿ ಊರಿನವರೇ ಕೂತಿರುತ್ತಾರೆ, ನಾಳೆ ಮೊಮ್ಮಗಳ ಸಂಬಂಧಕ್ಕೆ ಅಡ್ಡಿಯಾದೀತು ಎಂಬ ಭಯ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ರಿಸ್ಪೆರಿಡೋನ್, ಕ್ಲೋರ್‌ಪ್ರೊಮಜೈನ್‌ನಂಥ ಮಾತ್ರೆಗಳು ಪಾಪೆಯನ್ನು ಹಿಗ್ಗಿಸುವ ಸ್ನಾಯುವಿನ ಬಿಗಿ ತಗ್ಗಿಸುತ್ತವೆ. ಆಪರೇಷನ್ ನಡುವೆ ಪಾಪೆ ಇದ್ದಕ್ಕಿದ್ದಂತೆ ಕಿರಿದಾಗಬಹುದು, ಸುತ್ತಲಿನ ಪರದೆ ಜೋತುಬಿದ್ದು ಅಲೆಯಾಡಬಹುದು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತಗೊಳ್ಳುವ ಗಂಡಸರಲ್ಲಿ 2005ರಲ್ಲಿ ಮೊದಲು ಇದನ್ನು ಗುರುತಿಸಿದರು, ಆಮೇಲೆ ಈ ಮಾತ್ರೆಗಳಲ್ಲೂ ಕಂಡರು. ಮೊದಲೇ ಗೊತ್ತಿದ್ದರೆ ಡಾಕ್ಟರ್ ಪಾಪೆ ಹಿಗ್ಗಿಸಿ ಹಿಡಿಯುವ ಸಲಕರಣೆ ಸಿದ್ಧ ಇಟ್ಟುಕೊಳ್ಳುತ್ತಾರೆ, ಗೊತ್ತಿಲ್ಲದಿದ್ದರೆ ಅವರಿಗೂ ಕಷ್ಟ, ಕಣ್ಣಿಗೂ ಅಪಾಯ. ಬಾಯಲ್ಲಿ ಹೇಳಲು ಮುಜುಗರವಾದರೆ ಒಂದು ಚೀಟಿಯಲ್ಲಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ ಅಂತ ಬರೆದು ಆಪರೇಷನ್ ಮಾಡುವ ಡಾಕ್ಟರ್ ಕೈಗೇ ಕೊಡಿ. ಆಪರೇಷನ್ ಇದೆ ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಈ ತೊಂದರೆ ತಪ್ಪುತ್ತದೆ ಎಂಬ ಖಾತ್ರಿ ಇಲ್ಲ. ಆ ದಿನ ಬೆಳಿಗ್ಗೆ ಮಾತ್ರೆ ತಗೊಳ್ಳಬೇಕಾ, ಎಷ್ಟು ಹೊತ್ತಿಗೆ, ನೀರಿನ ಜೊತೆಗಾ ಬರೀ ಹೊಟ್ಟೆಗಾ, ಅದನ್ನೂ ಅಲ್ಲೇ ಕೇಳಿಕೊಂಡು ಚೀಟಿಯ ಹಿಂದೆ ಬರೆಸಿಕೊಳ್ಳಿ.